ಮನೋರೋಗದ ಲ್ಯಾಬಿನಲ್ಲಿ ಮಗಳಿಗೇನು ಕೆಲಸ?

“ಹಕೀಂ ಸಾಹೇಬರೇ, ಮಗಳು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಂಶೋಧನಾ ಸಹಾಯಕಿಯಾಗಬೇಕಂತೆ. ಹುಚ್ಚಾಸ್ಪತ್ರೆಯಲ್ಲಿ ಅವಳಿಗೇನು ಕೆಲಸ?” ಸೊರಬದ ನನ್ನ ದವಾಖಾನೆಯಲ್ಲಿ ತಂದೆಯೊಬ್ಬರು ಕೇಳಿದರು.

ದೇಹವನ್ನು ಕಾಯುವ ರೋಗನಿರೋಧಕ ಶಕ್ತಿಯೇ ಕೆಲವೊಮ್ಮೆ ದಾರಿ ತಪ್ಪಿ ಮಿದುಳಿನ ಮೇಲೆ ಎರಗುತ್ತದೆ. ಆಗ ಚೆನ್ನಾಗಿದ್ದ ಹುಡುಗಿ ಕೆಲವೇ ದಿನಗಳಲ್ಲಿ ನಿದ್ದೆಗೆಟ್ಟು, ಏನೇನೋ ಮಾತಾಡಿ, ಮನೆಯವರನ್ನೇ ಶಂಕಿಸಬಹುದು, ಫಿಟ್ಸ್ ಬರಬಹುದು. ಜಿನ್ನ್ ಹಿಡಿದಿದೆಯೆಂದು ನಾವು ತಾಯತಕ್ಕೆ ಓಡುತ್ತೇವೆ. ಇಂಥ ಒಂದು ಕಾಯಿಲೆಗೆ ಕಾರಣವಾದ ಪ್ರತಿಕಾಯವನ್ನು 2007ರಲ್ಲಿ ಡಾ. ಜೋಸೆಪ್ ದಾಲ್ಮೌ ಅವರ ತಂಡ ಗುರುತಿಸಿತು. ಬೇಗ ಪತ್ತೆಯಾದರೆ ಸ್ಟೀರಾಯ್ಡ್ ಮುಂತಾದ ಚಿಕಿತ್ಸೆಯಿಂದ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ.

ಇಂಥ ರೋಗಗಳ ಬೇರು ಹುಡುಕುವ ಲ್ಯಾಬಿನಲ್ಲಿ ಸಹಾಯಕಿ ರೋಗಿಯ ಅಥವಾ ಮನೆಯವರ ಒಪ್ಪಿಗೆ ಪಡೆಯುತ್ತಾಳೆ. ರಕ್ತದ ಟ್ಯೂಬಿಗೆ ಹೆಸರಿನ ಬದಲು ಸಂಕೇತಸಂಖ್ಯೆ ಅಂಟಿಸಿ, ಸೀರಂ ಬೇರ್ಪಡಿಸಿ, ಮೈನಸ್ 80 ಡಿಗ್ರಿ ಚಳಿಯಲ್ಲಿಡುತ್ತಾಳೆ. ಒಂದು ಚೀಟಿ ಅದಲುಬದಲಾದರೂ ಫಲಿತಾಂಶ ಸುಳ್ಳಾಗುತ್ತದೆ. ರೋಗಿಯ ಗುಟ್ಟು ಅವಳ ಬಳಿಯಿರುವ ಅಮಾನತ್. ಕೈಗವಸು ಮತ್ತು ಹೆಪಟೈಟಿಸ್ ಬಿ ಲಸಿಕೆ ಅವಳ ರಕ್ಷಣೆಗೆ.

“ಧೈರ್ಯವಾಗಿ ಕಳಿಸಿ” ಎಂದೆ.

ಓದುಗರಿಗೂ ಒಂದು ಮಾತು: ಮನೆಯಲ್ಲಿ ಯಾರ ವರ್ತನೆಯಾದರೂ ಹೀಗೆ ದಿಢೀರ್ ಬದಲಾದರೆ ನನ್ನ ಯುನಾನಿ ದವಾಕ್ಕೂ ಕಾಯಬೇಡಿ. ದುಆ ಮಾಡಿ, ಅಂದೇ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ.