ತಪ್ಪಿನ ಲೆಕ್ಕ ಯಾರ ಖಾತೆಗೆ?

ದೆಹಲಿಯ ಜಂಗ್‌ಪುರದಿಂದ ನೆಹರೂ ಪ್ಲೇಸ್‌ನಲ್ಲಿರುವ ಆಫೀಸಿಗೆ ನಾನು ದಿನಾ ಹೋಗುವುದು ಮೆಟ್ರೋದ ವಯಲೆಟ್ ಲೈನಿನಲ್ಲಿ. ದಾರಿಯಲ್ಲಿ ಕೈಲಾಶ್ ಕಾಲೋನಿ ಸ್ಟೇಷನ್ ಹತ್ತಿರ ಜಮ್ರುದ್‌ಪುರ ಎಂಬ ಜಾಗವಿದೆ. 2009ರ ಜುಲೈ 12ರ ಭಾನುವಾರ ನಸುಕಿನಲ್ಲಿ, ಆಗಿನ್ನೂ ಕಟ್ಟುತ್ತಿದ್ದ ಈ ಮೇಲ್ಸೇತುವೆಯ ಒಂದು ಭಾಗ ಅಲ್ಲಿ ಕುಸಿಯಿತು. ಕೆಲಸದಲ್ಲಿದ್ದ ಜನ ಸತ್ತರು. ಅದೇ ದಿನ ದೆಹಲಿ ಮೆಟ್ರೋದ ಮುಖ್ಯಸ್ಥ ಇ. ಶ್ರೀಧರನ್ ಪತ್ರಕರ್ತರ ಮುಂದೆ ಬಂದು, ನೈತಿಕ ಹೊಣೆ ತನ್ನದೆಂದು ರಾಜೀನಾಮೆ ಘೋಷಿಸಿದರು. ಆಗ ಅವರಿಗೆ 77 ವರ್ಷ. ಮುಖ್ಯಮಂತ್ರಿ ಶೀಲಾ ದೀಕ್ಷಿತ್ ರಾಜೀನಾಮೆಯನ್ನು ಒಪ್ಪಲಿಲ್ಲ. ಅವರು ಕೆಲಸಕ್ಕೆ ಮರಳಿದರು. 2010ರ ಅಕ್ಟೋಬರ್ 3ರಂದು, ಕಾಮನ್‌ವೆಲ್ತ್ ಕ್ರೀಡಾಕೂಟ ಶುರುವಾದ ದಿನವೇ ಈ ಮಾರ್ಗದಲ್ಲಿ ರೈಲು ಓಡಿತು.

ಅಂದು ಬೆರಳು ತೋರಿಸಲು ಜನ ಬೇಕಾದಷ್ಟಿದ್ದರು. ಗುತ್ತಿಗೆದಾರರು, ನಕ್ಷೆ ಮಾಡಿದವರು, ರಾತ್ರಿ ಪಾಳಿಯ ಎಂಜಿನಿಯರುಗಳು. ‘ತನಿಖೆ ಮುಗಿಯಲಿ, ಆಮೇಲೆ ಮಾತಾಡೋಣ’ ಎಂದಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ತನಿಖೆ ಆಮೇಲೆ ನಡೆಯಿತು, ಯಾರಿಗೆ ಏನಾಗಬೇಕೋ ಆಯಿತು. ಆದರೆ ಮೊದಲ ಏಟಿಗೆ ಮುಖ ಒಡ್ಡಿದವರು ಎಲ್ಲರಿಗಿಂತ ಮೇಲಿದ್ದವರು.

ಇದನ್ನು ನಾನು ಪದೇ ಪದೇ ನೆನಪಿಸಿಕೊಳ್ಳಲು ಕಾರಣವಿದೆ. ಟೀಮ್ ಲೀಡ್ ಆದ ಎರಡನೇ ವರ್ಷ ನಮ್ಮದೊಂದು ಸಾಫ್ಟ್‌ವೇರ್ ರಿಲೀಸ್ ಕೈಕೊಟ್ಟಿತು. ಗ್ರಾಹಕರ ಬಿಲ್ಲುಗಳೆಲ್ಲ ಎರಡೆರಡು ಸಲ ಹೋಗಿಬಿಟ್ಟವು. ಕಾನ್ಫರೆನ್ಸ್ ಕಾಲ್‌ನಲ್ಲಿ ಕ್ಲೈಂಟ್ ಕಿರುಚಾಡುತ್ತಿದ್ದಾಗ ನನ್ನ ಬಾಯಿಂದ ಬಂದ ಮಾತು: ‘ಆ ಭಾಗವನ್ನು ಹೊಸ ಹುಡುಗ ನೋಡಿಕೊಳ್ಳುತ್ತಿದ್ದ.’ ಸುಳ್ಳಲ್ಲ. ಆದರೆ ಟೆಸ್ಟಿಂಗಿಗೆ ಅವನು ಕೇಳಿದ್ದ ಆರು ದಿನವನ್ನು ಎರಡಕ್ಕೆ ಇಳಿಸಿದ್ದು ನಾನು. ಹುಡುಗನೂ ಅದೇ ಕಾಲ್‌ನಲ್ಲಿದ್ದ. ಏನೂ ಹೇಳಲಿಲ್ಲ. ಮೂರು ತಿಂಗಳಿಗೆ ಕೆಲಸ ಬಿಟ್ಟ. ಆ ಮೂರು ತಿಂಗಳಲ್ಲಿ ಟೀಮಿನ ಉಳಿದವರೂ ನನ್ನೊಡನೆ ಒಂದು ಹೊಸ ಅಭ್ಯಾಸ ಶುರುಮಾಡಿಕೊಂಡಿದ್ದರು. ಪ್ರತಿ ಮಾತನ್ನೂ ಇ-ಮೇಲ್‌ನಲ್ಲಿ ಬರೆದಿಡುವುದು. ನಾಳೆ ತಮ್ಮ ಕುತ್ತಿಗೆಗೆ ಬಂದರೆ ಸಾಕ್ಷಿ ಇರಲಿ ಎಂದು.

ನಾಯಕತ್ವದ ತರಬೇತಿಗಳಲ್ಲಿ ದೂರದೃಷ್ಟಿ, ಮಾತಿನ ಕಲೆ, ಆತ್ಮವಿಶ್ವಾಸ ಎಂದೆಲ್ಲ ಹೇಳಿಕೊಡುತ್ತಾರೆ. ಅಂಥ ಎರಡು ಶಿಬಿರಗಳಿಗೆ ನಾನೂ ಹೋಗಿದ್ದೇನೆ, ಊಟ ಚೆನ್ನಾಗಿತ್ತು. ಕೈಕೆಳಗಿನವರು ಸಂಬಳಕ್ಕೆ ಮೀರಿ ಕೆಲಸ ಮಾಡುವುದು ಮಾತ್ರ ಒಂದೇ ಭರವಸೆಯ ಮೇಲೆ: ಎಡವಿದರೆ ಈ ಮನುಷ್ಯ ನಮ್ಮನ್ನು ಮುಂದಕ್ಕೆ ತಳ್ಳುವುದಿಲ್ಲ.

ಕರಾವಳಿಯವನಾದ ನನಗೆ ಶ್ರೀಧರನ್ ಋಣ ಇನ್ನೊಂದು ತುದಿಯಲ್ಲೂ ಇದೆ. ರಜೆಗೆ ನಿಜಾಮುದ್ದೀನ್‌ನಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿದರೆ ಉಡುಪಿಯಲ್ಲಿ ಇಳಿಯುವುದು ಕೊಂಕಣ ರೈಲ್ವೆಯ ದಯೆಯಿಂದ. ಘಟ್ಟದ ರಸ್ತೆಯಲ್ಲಿ ವಾಂತಿ ಮಾಡಿಕೊಳ್ಳುತ್ತ ಮುಂಬೈ ಬಸ್ಸಿನಲ್ಲಿ ಬಂದವರಿಗೆ ಅದರ ಬೆಲೆ ಗೊತ್ತು. 1990ರಲ್ಲಿ ರೈಲ್ವೆಯಿಂದ ನಿವೃತ್ತರಾದ ಮೇಲೆ ಅವರು ವಹಿಸಿಕೊಂಡ ಕೆಲಸವಿದು. ರೋಹಾದಿಂದ ಮಂಗಳೂರಿನವರೆಗೆ 700 ಕಿಲೋಮೀಟರಿಗೂ ಮಿಕ್ಕಿದ ಹಳಿ, 90ಕ್ಕೂ ಹೆಚ್ಚು ಸುರಂಗ. ಕಂಪನಿಯಲ್ಲಿ ಕರ್ನಾಟಕ ಸರ್ಕಾರದ ಪಾಲು ಶೇಕಡಾ 15 ಇತ್ತು.

ಕೆಲಸದ ಜಾಗಗಳಲ್ಲಿ ಅವರು ಹಿಂದಕ್ಕೆ ಎಣಿಸುವ ಗಡಿಯಾರ ಹಾಕಿಸುತ್ತಿದ್ದುದು ಎಲ್ಲರಿಗೂ ಗೊತ್ತಿರುವ ಕತೆ. ಗಡುವಿಗೆ ಇನ್ನೆಷ್ಟು ದಿನ ಉಳಿದಿದೆ ಎಂಬುದು ದೊಡ್ಡ ಅಕ್ಷರದಲ್ಲಿ ಕಾಣಬೇಕು. ಈಗ ನಮ್ಮ ಆಫೀಸುಗಳಲ್ಲೂ ಅದರ ನಕಲುಗಳಿವೆ, ಗೋಡೆಯ ಪರದೆಯಲ್ಲಿ ಕೆಂಪು ಅಂಕಿ. ಆದರೆ ಕತೆಯ ಉಳಿದರ್ಧವನ್ನು ಯಾರೂ ಹೇಳುವುದಿಲ್ಲ. ಕೊಂಕಣ ರೈಲ್ವೆ ಮೊದಲ ಗಡುವನ್ನು ಮುಟ್ಟಲಿಲ್ಲ. 1994ಕ್ಕೆ ಮುಗಿಯಬೇಕಿದ್ದ ಹಳಿ ಪೂರ್ತಿಯಾಗಿ ಉದ್ಘಾಟನೆಯಾದದ್ದು 1998ರ ಜನವರಿ 26ಕ್ಕೆ. ಗೋವಾದಲ್ಲಿ ಮಾರ್ಗದ ವಿರುದ್ಧ ಚಳವಳಿ ನಡೆಯಿತು. ಪೆರ್ನೆಮ್ ಸುರಂಗದ ಮೆದು ಮಣ್ಣು ಮತ್ತೆ ಮತ್ತೆ ಕುಸಿಯಿತು. ಗಡಿಯಾರ ಸೊನ್ನೆಗೆ ಬಂದರೂ ಕೆಲಸ ಉಳಿದಿದ್ದಾಗ ಏನು ಮಾಡಬೇಕು ಎಂಬುದೇ ನಿಜವಾದ ಪರೀಕ್ಷೆ. ಗಡಿಯಾರವನ್ನು ಹುಡುಗರನ್ನು ಹೆದರಿಸಲು ತೂಗಿದರೆ, ಅವರು ದಿನ ಉಳಿಸುವ ಬದಲು ಸಮಸ್ಯೆಯನ್ನು ಮುಚ್ಚಿಡುತ್ತಾರೆ. ನಮ್ಮ ಬಿಲ್ಲಿನ ಪ್ರಕರಣದಲ್ಲಿ ಆದದ್ದು ಅದೇ. ದೋಷವಿದೆಯೆಂಬ ಅನುಮಾನ ಒಬ್ಬಿಬ್ಬರಿಗೆ ಮೊದಲೇ ಇತ್ತಂತೆ. ಹೇಳಲು ಧೈರ್ಯ ಸಾಲಲಿಲ್ಲ.

ಕೆಳಗಿನವರ ಮಾತು ಕೇಳುವುದಕ್ಕೆ ಅವರದೇ ಹಳೆಯ ಉದಾಹರಣೆಯಿದೆ. 1964ರ ಡಿಸೆಂಬರ್ ಚಂಡಮಾರುತಕ್ಕೆ ಪಾಂಬನ್ ಸೇತುವೆ ಮುರಿದು ಗರ್ಡರುಗಳು ಕಡಲು ಸೇರಿದವು. ದುರಸ್ತಿಗೆ ಆರು ತಿಂಗಳು ಎಂದಿತ್ತು, ಮೇಲಧಿಕಾರಿ ಅದನ್ನು ಮೂರಕ್ಕೆ ಇಳಿಸಿದರು. 32ರ ಹರೆಯದ ಎಂಜಿನಿಯರ್ ಶ್ರೀಧರನ್ 46 ದಿನಗಳಲ್ಲಿ ಮುಗಿಸಿದರು. ಬಿದ್ದ ಗರ್ಡರುಗಳು ಸಮುದ್ರದ ತಳದಲ್ಲೇ ಇವೆ ಎಂದು ಮೀನುಗಾರರು ಹೇಳಿದ್ದರಿಂದ ಅವನ್ನೇ ಎತ್ತಿ ಬಳಸಲು ಸಾಧ್ಯವಾಯಿತು. ಕಚೇರಿಯ ಕಡತದಲ್ಲಿ ಈ ಉಪಾಯ ಹುಟ್ಟುತ್ತಿರಲಿಲ್ಲ.

ಅವರ ಎಲ್ಲ ಅಭಿಪ್ರಾಯಗಳೂ ನನಗೆ ಒಪ್ಪಿಗೆಯೆಂದಲ್ಲ. ದೆಹಲಿಯ ಹೆಂಗಸರಿಗೆ ಮೆಟ್ರೋ ಪ್ರಯಾಣ ಉಚಿತವಾಗಬಾರದೆಂದು ಅವರು 2019ರಲ್ಲಿ ಪ್ರಧಾನಿಗೆ ಪತ್ರ ಬರೆದರು. ಮನೆಗೆಲಸಕ್ಕೆ ಬರುವ ಅಕ್ಕನ ಜೊತೆ ಒಂದು ದಿನ ಬಸ್ಸಿನಲ್ಲಿ ಹೋಗಿದ್ದರೆ ಹಾಗೆ ಬರೆಯುತ್ತಿದ್ದರೋ ಇಲ್ಲವೋ ಎಂದು ನನ್ನ ಹೆಂಡತಿಗೆ ಇಂದಿಗೂ ಅನುಮಾನ. ಆಮೇಲೆ ರಾಜಕೀಯಕ್ಕೆ ಇಳಿದು ಪಾಲಕ್ಕಾಡಿನಲ್ಲಿ ಸೋತರು. ಅದು ಬೇರೆಯೇ ವಿಷಯ.

ಕಳೆದ ವರ್ಷ ನಮ್ಮಲ್ಲಿ ಇನ್ನೊಂದು ರಿಲೀಸ್ ಹದಗೆಟ್ಟಿತು. ‘ದಿನ ಕಡಿಮೆ ಮಾಡಿದ್ದು ನನ್ನ ನಿರ್ಧಾರ’ ಎಂದು ಕ್ಲೈಂಟ್‌ಗೆ ಹೇಳಿದೆ. ಹತ್ತು ನಿಮಿಷ ಬೈಸಿಕೊಂಡೆ, ಆ ಸಲದ ಬೋನಸ್ಸಿಗೂ ಕತ್ತರಿ ಬಿತ್ತು. ಸುಲಭವೇನಲ್ಲ, ಕಿವಿ ಸುಡುತ್ತದೆ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಟೀಮಿನ ಹುಡುಗಿಯೊಬ್ಬಳು ತಾನಾಗಿ ಬಂದು, ‘ಸರ್, ಇನ್ನೂ ಒಂದು ಕಡೆ ಇದೇ ತಪ್ಪಿದೆ, ಹೇಳಲಾ?’ ಎಂದಳು. ಅದು ಗ್ರಾಹಕರನ್ನು ಮುಟ್ಟುವ ಮೊದಲೇ ಸರಿಮಾಡಿದೆವು.

ಕೆಲಸ ಬಿಟ್ಟ ಹುಡುಗ ಈಗ ಪುಣೆಯಲ್ಲಿದ್ದಾನೆ, ಅವನ ಕೈಕೆಳಗೂ ಎಂಟು ಜನರಿದ್ದಾರಂತೆ. ಯುಗಾದಿಗೆ, ದೀಪಾವಳಿಗೆ ತಪ್ಪದೆ ಮೆಸೇಜು ಕಳಿಸುತ್ತಾನೆ. ಆ ಕಾಲ್‌ನ ವಿಷಯವನ್ನು ಅವನೂ ಎತ್ತಿಲ್ಲ, ನಾನೂ ಇನ್ನೂ ಎತ್ತಿಲ್ಲ.