ವಿದ್ಯಾಸಾಲವೂ ಸಂಬಳದ ಕಡಿತವೂ

ಧರ್ಮಶಾಸ್ತ್ರಕಾರರು ಎಣಿಸಿರುವ ಹದಿನೆಂಟು ವ್ಯವಹಾರಪದಗಳಲ್ಲಿ ಋಣಾದಾನವೇ ಮೊದಲನೆಯದು. ಅದು ವರ್ತಕರಿಗೂ ಬಡ್ಡಿಯವರಿಗೂ ಸಂಬಂಧಿಸಿದ ಪ್ರಕರಣವೆಂದು ಬಗೆದು ಸಾಹಿತ್ಯಾಭ್ಯಾಸಿಗಳು ಸಾಮಾನ್ಯವಾಗಿ ಅದನ್ನು ದಾಟಿ ಹೋಗುವರು. ಆದರೆ ಇಂದು ವಿದ್ಯೆಯೇ ಸಾಲಕ್ಕೆ ಕಾರಣವಾಗಿರುವುದರಿಂದ ಆ ಪ್ರಕರಣವು ವಿದ್ಯಾವಂತರ ಮನೆಬಾಗಿಲಿಗೇ ಬಂದು ನಿಂತಿದೆ. ಹರಪನಹಳ್ಳಿಯ ಸೀಮೆಯ ರೈತನ ಮಗನು ದಾವಣಗೆರೆಯಲ್ಲೋ ಬೆಂಗಳೂರಿನಲ್ಲೋ ಓದುವುದಕ್ಕೆ ಊರಿನ ಬ್ಯಾಂಕಿನಿಂದ ಸಾಲವನ್ನು ಪಡೆಯುವನು; ಓದು ಮುಗಿದು ಉದ್ಯೋಗ ದೊರೆತ ಮೇಲೆ ಸಂಬಳದಿಂದ ತಿಂಗಳು ತಿಂಗಳಿಗೆ ಕಂತನ್ನು ಕಟ್ಟತಕ್ಕದ್ದು. ಕೊಟ್ಟವರು ಒಂದು ಊರಿನಲ್ಲಿ, ಸಂಬಳವನ್ನು ಹಂಚುವವರು ಇನ್ನೊಂದು ಊರಿನಲ್ಲಿ, ನಡುವೆ ಋಣಿ. ಈ ಮೂವರ ನಡುವೆ ಹಣವು ಸಾಗುವ ದಾರಿಯಲ್ಲಿ ಹುಟ್ಟುವ ತೊಡಕುಗಳನ್ನು ಪ್ರಾಚೀನರ ವಿಚಾರದೊಡನೆ ಇಟ್ಟು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಪೂರ್ವಕಾಲದಲ್ಲಿ ವಿದ್ಯಾರ್ಥಿಯು ಹಣದ ಸಾಲಗಾರನಾಗಿರಲಿಲ್ಲವೆಂಬುದನ್ನು ಕನ್ನಡನಾಡಿನ ಶಾಸನಗಳೇ ಸಾರುತ್ತವೆ. ಕ್ರಿ. ಶ. 945ರ ಸಾಲೋಟಗಿಯ ಶಾಸನದಲ್ಲಿ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳನ್ನು ಬಿಟ್ಟುದಲ್ಲದೆ, ಮದುವೆ ಉಪನಯನ ಚೌಲಗಳ ಸಮಯದಲ್ಲಿ ಊರವರು ಶಾಲೆಗೆ ಇಷ್ಟಿಷ್ಟು ನಾಣ್ಯವನ್ನು ಸಲ್ಲಿಸಬೇಕೆಂದು ಕಟ್ಟಳೆಯಾಗಿದೆ. 1058ರ ನಾಗಾವಿಯ ಘಟಿಕಾಸ್ಥಾನದಲ್ಲಿ 200 ಮಂದಿ ವೇದವನ್ನೂ 52 ಮಂದಿ ಶಾಸ್ತ್ರವನ್ನೂ ಓದುತ್ತಿದ್ದರು. ಅವರ ಯೋಗಕ್ಷೇಮಕ್ಕೆ ದತ್ತಿಯುಂಟು. ಆ ಕಾಲದ ವಿದ್ಯಾರ್ಥಿಗೆ ಇದ್ದುದು ಋಷಿಋಣ. ಅದು ಅಧ್ಯಯನದಿಂದ ತೀರತಕ್ಕದ್ದು. ಗುರುದಕ್ಷಿಣೆಯೊಂದು ಉಂಟಾದರೂ, ವಿದ್ಯೆ ಮುಗಿದು ಸ್ನಾನವಾಗುವವರೆಗೆ ಏನನ್ನೂ ಕೊಡಬೇಕಾದುದಿಲ್ಲವೆಂದೂ, ಬಳಿಕ ಕೊಡುವುದೂ ಶಕ್ತಿಗೆ ತಕ್ಕಂತೆಯೇ ಎಂದೂ ಮನುವು ವಿಧಿಸಿರುವನು. ಕಾಲವಾದ ಮೇಲೆ ಕೊಡುವುದು, ಶಕ್ತಿಯಿದ್ದಷ್ಟು ಕೊಡುವುದು, ಈ ಎರಡು ಅಂಶಗಳನ್ನು ಇಲ್ಲಿ ನೆನಪಿನಲ್ಲಿಡಬೇಕು.

ಇನ್ನು ಹಣದ ಸಾಲದ ವಿಷಯ. ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076-1126) ಆಶ್ರಯದಲ್ಲಿದ್ದನು. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯದಲ್ಲಿ ಆ ಚಕ್ರವರ್ತಿಯ ಆಳ್ವಿಕೆಯ ಶಾಸನಗಳಿರುವುದರಿಂದ, ಈ ಗ್ರಂಥವು ಹುಟ್ಟಿದ ಕಾಲದಲ್ಲಿ ಈ ಸೀಮೆಯೂ ಅವನ ಅಧೀನದಲ್ಲಿದ್ದುದು ಸ್ಪಷ್ಟ. ಸಾಲ ತೀರಿಸುವ ಬಗೆಯಲ್ಲಿ ಈ ಸ್ಮೃತಿಯಿಂದಲೂ ವ್ಯಾಖ್ಯಾನದಿಂದಲೂ ಮೂರು ನಿಯಮಗಳು ದೊರೆಯುತ್ತವೆ. ಮೊದಲನೆಯದು ಯಥೋದಯ, ಎಂದರೆ ಕೈಸೋತ ಋಣಿಯು ಆದಾಯವು ಹುಟ್ಟಿದ ಹಾಗೆಲ್ಲ ಮೆಲ್ಲಮೆಲ್ಲನೆ ತೀರಿಸತಕ್ಕದ್ದು. ಎರಡನೆಯದು ಕುಟುಂಬಾವಿರೋಧ, ಎಂದರೆ ಸಾಲಕ್ಕಾಗಿ ದುಡಿಸಿಕೊಳ್ಳುವಾಗಲೂ ಋಣಿಯ ಸಂಸಾರದ ಪೋಷಣೆಗೆ ಅಡ್ಡಿಯಾಗಬಾರದು. ಮೂರನೆಯದು, ಕೊಟ್ಟಷ್ಟನ್ನು ಪ್ರತಿಬಾರಿಯೂ ಸಾಲಪತ್ರದ ಬೆನ್ನಿನ ಮೇಲೆ ಬರೆಯಬೇಕು, ಇಲ್ಲವೆ ಧನಿಕನು ಸ್ವಹಸ್ತದಿಂದ ರಶೀದಿಯನ್ನು ಕೊಡಬೇಕು. ಎಲ್ಲವೂ ತೀರಿದೊಡನೆ ಪತ್ರವನ್ನು ಹರಿದುಹಾಕಬೇಕು.

ಇಲ್ಲಿ ಒಂದು ಮಾತನ್ನು ಮರೆಮಾಚಬಾರದು. ಯಥೋದಯವೆಂಬ ಮೃದುವಾದ ಮಾರ್ಗವನ್ನು ಸ್ಮೃತಿಯು ಬ್ರಾಹ್ಮಣನಿಗೆ ಹೇಳಿ, ಕೆಳಗಿನ ಜಾತಿಯವನಿಂದ ದುಡಿಮೆಯನ್ನು ಮಾಡಿಸಿಕೊಳ್ಳಬೇಕೆಂದು ವಿಧಿಸಿದೆ. ಈ ಭೇದವು ಇಂದು ಗ್ರಾಹ್ಯವಲ್ಲ. ಭೇದವನ್ನು ಬಿಟ್ಟು ತತ್ತ್ವವನ್ನು ಎಲ್ಲರಿಗೂ ಅನ್ವಯಿಸಿದರೆ ಮಾತ್ರ ಅದು ಉಪಯುಕ್ತವಾಗುವುದು.

ಮೊದಲನೆಯ ತೊಡಕು ಯಥೋದಯಕ್ಕೆ ಸಂಬಂಧಿಸಿದ್ದು. ಭಾರತದ ಬ್ಯಾಂಕುಗಳ ಸಂಘವು 2001ರಲ್ಲಿ ರೂಪಿಸಿ, ಆಮೇಲೆ ಪರಿಷ್ಕರಿಸಿದ ಮಾದರಿ ಯೋಜನೆಯಲ್ಲಿ ಓದಿನ ಅವಧಿಯೂ ಅದರ ಮೇಲೆ ಒಂದು ವರ್ಷವೂ ಬಿಡುವಾಗಿದ್ದು, ಬಳಿಕ 15 ವರ್ಷಗಳವರೆಗೆ ಕಂತುಗಳಲ್ಲಿ ತೀರಿಸಲು ಅವಕಾಶವಿದೆ. ಕಾಲವಾದ ಮೇಲೆ ಕೊಡುವುದೆಂಬ ಅಂಶವು ಇಲ್ಲಿ ಉಳಿದಿದೆ. ಶಕ್ತಿಯಿದ್ದಷ್ಟು ಎಂಬುದು ಉಳಿದಿಲ್ಲ. ಕಂತು ಗೊತ್ತಾಗುವುದು ಸಾಲದ ಮೊತ್ತದಿಂದಲೇ ಹೊರತು ಸಂಬಳದಿಂದಲ್ಲ. ಋಣಿಯು ಬರೆದುಕೊಟ್ಟ ಅನುಮತಿಯ ಮೇರೆಗೆ ಗೊತ್ತಾದ ತಾರೀಖಿನಲ್ಲಿ ಕಂತು ಅವನ ಖಾತೆಯಿಂದ ತಾನಾಗಿ ಹೋಗುತ್ತದೆ. ಸಂಬಳವು ಆ ತಾರೀಖಿಗಿಂತ ಎರಡು ದಿನ ತಡವಾಗಿ ಬಂದರೆ ಖಾತೆಯು ಬರಿದಾಗಿರುವುದು. ತಡಮಾಡಿದವನು ಯಜಮಾನ, ದಂಡ ತೆರುವವನು ಋಣಿ. ಆಸ್ಟ್ರೇಲಿಯಾ ದೇಶವು 1989ರಲ್ಲಿಯೂ ಬ್ರಿಟನ್ 1998ರಲ್ಲಿಯೂ ವರಮಾನಕ್ಕೆ ತಕ್ಕಂತೆ ವಿದ್ಯಾಸಾಲವನ್ನು ವಸೂಲು ಮಾಡುವ ಪದ್ಧತಿಯನ್ನು ತಂದವು. ಬ್ರಿಟನ್ನಿನಲ್ಲಿ ಪದವಿಯ ಸಾಲಕ್ಕೆ ಗೊತ್ತಾದ ಮಿತಿಯನ್ನು ಮೀರಿದ ಸಂಬಳದ ಭಾಗದಲ್ಲಿ ನೂರಕ್ಕೆ 9ರಷ್ಟನ್ನು ಯಜಮಾನನೇ ಮುರಿದುಕೊಂಡು ತೆರಿಗೆಯ ಇಲಾಖೆಗೆ ಕಟ್ಟುವನು. ಸಂಬಳ ಆ ಮಿತಿಯನ್ನು ಮುಟ್ಟದಿದ್ದರೆ ಕಡಿತವೇ ಇಲ್ಲ. ಯಥೋದಯವೆಂಬ ಪದಕ್ಕೆ ಇದಕ್ಕಿಂತ ಹತ್ತಿರವಾದ ಆಧುನಿಕ ಉದಾಹರಣೆ ಸಿಕ್ಕುವುದು ಕಷ್ಟ.

ಎರಡನೆಯ ತೊಡಕು ಸಂಸಾರದ ಪೋಷಣೆಯದು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮಿನಂತೆ, ಜೀವನಾಂಶದ ಡಿಕ್ರಿಗಳನ್ನು ಬಿಟ್ಟು ಉಳಿದ ಡಿಕ್ರಿಗಳಲ್ಲಿ, ಸಂಬಳದ ಮೊದಲ 1000 ರೂಪಾಯಿಗಳನ್ನೂ ಮಿಕ್ಕುದರಲ್ಲಿ ಮೂರನೆಯ ಎರಡು ಪಾಲನ್ನೂ ಜಪ್ತಿ ಮಾಡಕೂಡದು. 25,000 ರೂಪಾಯಿ ಸಂಬಳವಿದ್ದರೆ ಜಪ್ತಿಗೆ ಸಿಕ್ಕುವುದು 8,000. ಮನೆಗೆ ಉಳಿಯುವುದು 17,000. ಹಾಗೆಯೇ 2025ರ ನವೆಂಬರ್ 21ರಂದು ಜಾರಿಗೆ ಬಂದ 2019ರ ವೇತನ ಸಂಹಿತೆಯಂತೆ ಯಜಮಾನನು ಮಾಡುವ ಎಲ್ಲ ಕಡಿತಗಳೂ ಸೇರಿ ವೇತನದ ಅರ್ಧವನ್ನು ಮೀರಕೂಡದು. ಕಡಿತಕ್ಕೆ ಅರ್ಹವಾದ ಬಾಬುಗಳನ್ನು ಸಂಹಿತೆಯೇ ಎಣಿಸಿದೆ; ಅವುಗಳಲ್ಲಿ ಸಹಕಾರ ಸಂಘದ ಬಾಕಿ ಉಂಟು, ವಿದ್ಯಾಸಾಲವೆಂಬ ಹೆಸರಿನ ಬಾಬು ಇಲ್ಲ. ಕುಟುಂಬಾವಿರೋಧವೆಂಬ ನಿಯಮವು ಜಾತಿಭೇದವಿಲ್ಲದೆ ಇಲ್ಲಿ ಶಾಸನರೂಪವನ್ನು ತಾಳಿದೆಯೆಂದು ಸಂತೋಷಪಡಬಹುದು. ಆದರೆ ಸೂಕ್ಷ್ಮವಾಗಿ ನೋಡಿದರೆ ಈ ರಕ್ಷೆಯು ಇರುವುದು ನ್ಯಾಯಾಲಯದ ಜಪ್ತಿಗೂ ಯಜಮಾನನ ಕಡಿತಕ್ಕೂ ಮಾತ್ರ. ಸಂಬಳವು ಖಾತೆಯನ್ನು ಸೇರಿದ ಮೇಲೆ ಋಣಿಯ ಅನುಮತಿಯಿಂದಲೇ ಹೋಗುವ ಕಂತು ಈ ಎರಡು ಲೆಕ್ಕಗಳಲ್ಲಿ ಯಾವುದಕ್ಕೂ ಸೇರದು. ಸಾಲ ಕಟ್ಟದೆ ನ್ಯಾಯಾಲಯದವರೆಗೆ ಹೋದವನ ಸಂಸಾರಕ್ಕೆ ಮಿತಿಯ ರಕ್ಷೆಯುಂಟು. ನಿಯತವಾಗಿ ಕಟ್ಟುವವನ ಸಂಸಾರಕ್ಕೆ ಅದಿಲ್ಲ. ಈ ವೈಷಮ್ಯವು ವಿಚಾರಾರ್ಹವಾದುದು.

ಮೂರನೆಯ ತೊಡಕು ಲೆಕ್ಕದ್ದು. ಯಜಮಾನನು ಸಂಬಳದಲ್ಲಿ ಮುರಿದುಕೊಂಡು ಧನಿಕನಿಗೆ ಕಟ್ಟದೆ ಹೋದರೆ ಆ ಕಂತು ಸಂದಂತೆಯೋ ಸಲ್ಲದಂತೆಯೋ? ಕಾನೂನಿನ ಮೇರೆಗೆ ನಿಧಿಗೋ ಸರ್ಕಾರದ ಖಾತೆಗೋ ಸಲ್ಲಬೇಕಾದ ಕಡಿತವನ್ನು ಯಜಮಾನನು ಕಟ್ಟದಿದ್ದರೆ ನೌಕರನು ಹೊಣೆಯಲ್ಲವೆಂದು ವೇತನ ಸಂಹಿತೆಯು ಹೇಳಿದೆ. ಖಾಸಗಿ ಒಪ್ಪಂದದ ಮೇಲೆ ಬ್ಯಾಂಕಿಗೆ ಸಾಗಬೇಕಾದ ಕಂತಿನ ವಿಷಯದಲ್ಲಿ ಅಷ್ಟು ಸ್ಪಷ್ಟವಾದ ಮಾತು ಅಲ್ಲಿಲ್ಲ. ಉತ್ತಮ ವ್ಯವಸ್ಥೆಯಿರುವ ಬ್ರಿಟನ್ನಿನಲ್ಲಿಯೂ 2019ರವರೆಗೆ ಕಡಿತದ ವಿವರವು ಸಾಲದ ಸಂಸ್ಥೆಗೆ ವರ್ಷಕ್ಕೊಮ್ಮೆ ಮಾತ್ರ ತಲಪುತ್ತಿದ್ದುದರಿಂದ, ಸಾಲವು ತೀರಿದ ಮೇಲೂ ಎಷ್ಟೋ ಮಂದಿಯ ಸಂಬಳದಲ್ಲಿ ಕಡಿತವು ನಡೆಯುತ್ತಲೇ ಇದ್ದಿತು. ಪತ್ರದ ಬೆನ್ನಿನ ಮೇಲೆ ಆಗಿಂದಾಗಲೇ ಬರೆಯಬೇಕೆಂಬ ಯಾಜ್ಞವಲ್ಕ್ಯನ ನಿಯಮದ ಬೆಲೆಯು ಇದರಿಂದ ಗೊತ್ತಾಗುತ್ತದೆ. ಕಂತು ಕಟ್ಟಿದವನು ಖಾತೆಯ ವಿವರವನ್ನು ಕಾಲಕಾಲಕ್ಕೆ ಪಡೆದು ಸಂಬಳದ ಚೀಟಿಯೊಡನೆ ತಾಳೆ ನೋಡುವುದೂ, ಕೊನೆಯಲ್ಲಿ ಬೇಬಾಕಿ ಪತ್ರವನ್ನು ಕೇಳಿ ಪಡೆಯುವುದೂ ಆ ನಿಯಮದ ಇಂದಿನ ಆಚರಣೆ.

ಇವುಗಳ ಜೊತೆಗೆ ಇನ್ನೊಂದುಂಟು. ಕುಟುಂಬಕ್ಕಾಗಿ ಮಾಡಿದ್ದಲ್ಲದಿದ್ದರೆ ಮಗನು ಮಾಡಿದ ಸಾಲವನ್ನು ತಂದೆಯು ತೀರಿಸಬೇಕಾಗಿಲ್ಲವೆಂದು ಸ್ಮೃತಿಯ ಮತ. ಈಗಿನ ವಿದ್ಯಾಸಾಲದಲ್ಲಿಯಾದರೋ ತಂದೆ ಅಥವಾ ತಾಯಿಯು ಮೊದಲಿನಿಂದಲೇ ಸಹಸಾಲಗಾರರಾಗಿ ರುಜು ಹಾಕುವರು. ಆದುದರಿಂದ ಬೆಂಗಳೂರಿನ ಕಚೇರಿಯಲ್ಲಿ ತಪ್ಪಿದ ಕಂತು ಹರಪನಹಳ್ಳಿಯಲ್ಲಿ ಮೆಕ್ಕೆಜೋಳ ಬೆಳೆಯುವ ತಂದೆಯ ಹೆಸರಿನಲ್ಲಿಯೂ ಬಾಕಿಯಾಗಿ ನಿಲ್ಲುವುದು. ಮುಂದೆ ಅವನು ತನ್ನ ಅಗತ್ಯಕ್ಕೆ ಸಾಲ ಕೇಳುವಾಗ ಅದೇ ಅಡ್ಡವಾಗಬಹುದು.

ಇಲ್ಲಿ ಒಂದು ಆಕ್ಷೇಪವು ಹುಟ್ಟಬಹುದು. ಸಾಲಕೊಟ್ಟ ಹಣವೂ ಜನರ ಠೇವಣಿಯೇ ಅಲ್ಲವೆ, ಋಣಿಯ ವಿಷಯದಲ್ಲಿ ಮೃದುವಾದಷ್ಟೂ ಮುಂದಿನ ವಿದ್ಯಾರ್ಥಿಗೆ ಸಾಲವು ಸಿಕ್ಕದಲ್ಲವೆ, ಎಂದು. ಆಕ್ಷೇಪವು ಯುಕ್ತವಾದುದೇ. ಭಾರತ ಸರ್ಕಾರವು 1963ರಲ್ಲಿ ಆರಂಭಿಸಿದ ಬಡ್ಡಿಯಿಲ್ಲದ ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನದಲ್ಲಿ ವಸೂಲಿಯು ಸಮರ್ಪಕವಾಗಿ ನಡೆಯಲಿಲ್ಲ. ಆದರೆ ಅದೇ ಯೋಜನೆಯಲ್ಲಿ, ಅಧ್ಯಾಪಕವೃತ್ತಿಯನ್ನು ಹಿಡಿದವರಿಗೆ ಸೇವೆಯ ಪ್ರತಿವರ್ಷಕ್ಕೂ ಸಾಲದ ಒಂದು ಭಾಗವನ್ನು ಬಿಟ್ಟುಕೊಡುವ ಏರ್ಪಾಡಿದ್ದಿತು. ಕಲಿತುದನ್ನು ಕಲಿಸಿ ಸಾಲವನ್ನು ತೀರಿಸಿಕೊಳ್ಳುವ ಈ ಕ್ರಮವು ಋಷಿಋಣದ ಭಾವನೆಗೆ ಬಹಳ ಸಮೀಪವಾದುದು.

ಒಟ್ಟಿನಲ್ಲಿ ಹೇಳುವುದಾದರೆ, ಯಥೋದಯವೆಂಬುದು ಸಾಲವನ್ನು ಬಿಟ್ಟುಬಿಡುವ ಮಾತಲ್ಲ, ತೀರುವಂತೆ ಮಾಡುವ ಮಾತು. ಕಂತು ಆದಾಯವನ್ನು ಅನುಸರಿಸಬೇಕು. ಸಂಸಾರದ ಪಾಲು ಮೊದಲು ಉಳಿಯಬೇಕು. ಮುರಿದುಕೊಂಡ ಪ್ರತಿಯೊಂದು ರೂಪಾಯಿಯೂ ಅಂದೇ ಸಾಲದ ಲೆಕ್ಕದಲ್ಲಿ ಕಾಣಬೇಕು. ಮೂರನ್ನೂ ಕೂಡಿಸಿದ ಏರ್ಪಾಡು ಕನ್ನಡನಾಡಿನ ವಿದ್ಯಾರ್ಥಿಗೆ ಇನ್ನೂ ದೊರೆಯಬೇಕಾಗಿದೆ. ಅಲ್ಲಿಯವರೆಗೆ, ಸಾಲಪತ್ರಕ್ಕೆ ರುಜು ಹಾಕುವ ಶಿಷ್ಯನಿಗೆ ಅದರ ಬೆನ್ನಿನ ಮೇಲೆ ಏನು ಬರೆದಿರಬೇಕೆಂಬುದನ್ನು ತಿಳಿಸುವುದು ಅಧ್ಯಾಪಕರ ಕೆಲಸಗಳಲ್ಲಿ ಒಂದೆಂದು ಎಣಿಸಿದರೆ ತಪ್ಪಾಗಲಾರದು.