ಹೊಟ್ಟೆ ಹುಣ್ಣಿಗೆ ಉಸಿರಿನ ಪರೀಕ್ಷೆಯೇ?

ಪ್ರಶ್ನೆ: ಹೊಟ್ಟೆಯಲ್ಲಿ ಹುಣ್ಣಿರಬಹುದೆಂದು ಡಾಕ್ಟರು ಏನನ್ನೋ ಕುಡಿಸಿ, ಚೀಲಕ್ಕೆ ಉಸಿರು ಊದಿಸಿದರು. ಹೊಟ್ಟೆಯ ಸಂಗತಿ ಉಸಿರಿನಲ್ಲಿ ತಿಳಿಯುವುದು ಹೇಗೆ?

ಉತ್ತರ: ಉಸಿರಿನಲ್ಲಿ ಹುಣ್ಣು ಕಾಣಿಸದು; ಅದಕ್ಕೆ ಕಾರಣವಾಗುವ ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾದ ಸುಳಿವು ಸಿಗುತ್ತದೆ. ಜಠರದ ಆಮ್ಲದಲ್ಲಿ ಬದುಕಲು ಅದಕ್ಕೊಂದು ಉಪಾಯ ಗೊತ್ತು. ಯೂರಿಯೇಸ್ ಎಂಬ ಕಿಣ್ವದಿಂದ ಯೂರಿಯಾವನ್ನು ಒಡೆದು ಅಮೋನಿಯ ಮಾಡಿಕೊಳ್ಳುತ್ತದೆ. ಇದರಿಂದ ಸುತ್ತಲಿನ ಆಮ್ಲದ ತೀವ್ರತೆ ಇಳಿಯುತ್ತದೆ. ಜೊತೆಗೆ ಹುಟ್ಟುವ ಇಂಗಾಲದ ಡೈಆಕ್ಸೈಡ್ ರಕ್ತ ಸೇರಿ ಶ್ವಾಸಕೋಶದಿಂದ ಹೊರಬೀಳುತ್ತದೆ. ನಿಮಗೆ ಕುಡಿಸಿದ್ದು ಗುರುತಿನ ಇಂಗಾಲವಿರುವ ಯೂರಿಯಾ. ಆ ಇಂಗಾಲ ಉಸಿರಿನಲ್ಲಿ ಹೆಚ್ಚಾಗಿ ಸಿಕ್ಕರೆ ಬ್ಯಾಕ್ಟೀರಿಯಾ ಇದೆ ಎಂದರ್ಥ.

ಖಾರ, ಚಿಂತೆಗಳಿಂದಲೇ ಹುಣ್ಣಾಗುತ್ತದೆ ಎಂದು ವೈದ್ಯರೂ ನಂಬಿದ್ದ ಕಾಲವಿತ್ತು. ಅದು ತಪ್ಪೆಂದು ತೋರಿಸಲು 1984ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಈ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಜಠರದ ಉರಿಯೂತ ತರಿಸಿಕೊಂಡರು. (ಯಾರೂ ಅನುಕರಿಸಬೇಕಾದ ಸಾಹಸವಲ್ಲ!) ಅವರಿಗೂ ಅವರ ಸಹೋದ್ಯೋಗಿ ರಾಬಿನ್ ವಾರನ್ ಅವರಿಗೂ 2005ರ ನೊಬೆಲ್ ಬಂತು.

ಪರೀಕ್ಷೆಗೆ ಎರಡು ವಾರ ಮೊದಲಿನಿಂದ ಪ್ಯಾಂಟೊಪ್ರಜೋಲ್‌ನಂಥ ಆಮ್ಲ ತಗ್ಗಿಸುವ ಮಾತ್ರೆ, ನಾಲ್ಕು ವಾರ ಮೊದಲಿನಿಂದ ಆ್ಯಂಟಿಬಯಾಟಿಕ್ ನಿಂತಿರಬೇಕು. ಇಲ್ಲವಾದರೆ ಬ್ಯಾಕ್ಟೀರಿಯಾ ಇದ್ದೂ ಇಲ್ಲವೆಂದು ಬರಬಹುದು. ಆದರೆ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ನಿಲ್ಲಿಸಿ. ಬ್ಯಾಕ್ಟೀರಿಯಾ ಇದ್ದರೆ ಆಮ್ಲ ತಗ್ಗಿಸುವ ಔಷಧಿಯ ಜೊತೆ ಆ್ಯಂಟಿಬಯಾಟಿಕ್‌ಗಳನ್ನು ಸಾಮಾನ್ಯವಾಗಿ 14 ದಿನ ಕೊಡುತ್ತಾರೆ. ನೋವು ಹೋಯಿತೆಂದು ಅರ್ಧಕ್ಕೆ ಬಿಡುವವರು ಮತ್ತೆ ತೊಂದರೆಗೆ ಸಿಗಬಹುದು. ಮೈಕೈ ನೋವಿಗೆ ದಿನವೂ ನುಂಗುವ ಐಬುಪ್ರೊಫೆನ್‌ನಿಂದಲೂ ಹುಣ್ಣಾಗಬಹುದು, ಅದನ್ನೂ ವೈದ್ಯರಿಗೆ ಹೇಳಿ. ಮಲ ಡಾಂಬರಿನಂತೆ ಕಪ್ಪಾದರೆ, ರಕ್ತವಾಂತಿಯಾದರೆ ಉಸಿರಿನ ಪರೀಕ್ಷೆಗೆ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.